ಕಪ್ಪು ವೈರಿನ ಅರ್ಥ

ರಾಗಿ ಅಳೆಯುವ ಸೇರಿಗಿಂತ ತುಸು ದೊಡ್ಡದು, ಎತ್ತಿದರೆ ಮಾತ್ರ ಮೂರು ತಿಂಗಳ ಕೂಸಿನ ತೂಕ. ಅರಕಲಗೂಡಿನ ಗುರುಶಾಂತಪ್ಪನವರು ಅದನ್ನು ಹಳೆಯ ಟವೆಲಿನಲ್ಲಿ ಸುತ್ತಿ ಎದೆಗವಚಿಕೊಂಡು ತಂದು, ಹೊಳೆನರಸೀಪುರದ ನಮ್ಮ ಅಂಗಡಿಯ ಮೇಜಿನ ಮೇಲೆ ಮೆಲ್ಲಗೆ ಮಲಗಿಸಿದಾಗ, ಕತ್ತಿನ ಕೆಳಗೆ ಕೈಕೊಡಬೇಕೇನೋ ಎಂದು ನಾನು ನಿಜವಾಗಿಯೂ ಎದ್ದು ನಿಂತಿದ್ದೆ. ಟವೆಲು ಬಿಚ್ಚಿದರೆ ಒಳಗೆ ಮಲಗಿದ್ದದ್ದು ಗಾಳಿ ತುಂಬುವ ಒಂದು ಪುಟ್ಟ ಕಂಪ್ರೆಸರು. ಅವರ ಹಳೆಯ ಜೀಪಿನ ಡಿಫರೆನ್ಷಿಯಲ್‌ಗೆ ಬೀಗ ಹಾಕಲು ಗಾಳಿ ಬೇಕು, ಆ ಗಾಳಿಯನ್ನು ಒದಗಿಸಲು ಇದು ಬೇಕು, ಇದಕ್ಕೆ ಕರೆಂಟು ಕೊಡಲು ನಾವು ಬೇಕು.

ನಮ್ಮದು ವಾಹನಗಳ ವೈರಿಂಗಿನ ಅಂಗಡಿ. ‘ನಮ್ಮದು’ ಎಂಬ ಪದವನ್ನು ಈಗ ಯೋಚಿಸಿ ಬರೆಯುತ್ತಿದ್ದೇನೆ. ಮೊದಲು ಯೋಚಿಸದೆ ‘ನನ್ನದು’ ಎನ್ನುತ್ತಿದ್ದೆ. ನಾನು ಓದಿದ್ದು ಆರನೇ ತರಗತಿ ಪೂರ್ತಿ, ಏಳನೆಯದು ಅರ್ಧ. ಉಳಿದರ್ಧವನ್ನು ಚನ್ನರಾಯಪಟ್ಟಣದ ಒಂದು ಲಾರಿ ಷೆಡ್ಡಿನಲ್ಲಿ, ಡೈನಮೋಗಳ ಹೊಟ್ಟೆಯೊಳಗೆ ಕೈ ಹಾಕಿ ಮುಗಿಸಿದೆ. ತಂಗಿ ಭಾಗ್ಯ ಹಾಗಲ್ಲ. ಹಾಸನಕ್ಕೆ ದಿನವೂ ಬಸ್ಸಿನಲ್ಲಿ ಹೋಗಿಬಂದು ಐಟಿಐ ಮುಗಿಸಿದವಳು. ಮದುವೆಯಾದ ಮೇಲೂ ಎರಡು ಬೀದಿಯಾಚೆಯ ಗಂಡನ ಮನೆಯಿಂದ ಬೆಳಿಗ್ಗೆ ಒಂಬತ್ತಕ್ಕೆ ಬಂದು, ಸೀರೆಯ ಮೇಲೊಂದು ಹಳೆಯ ಖಾಕಿ ಅಂಗಿ ತೊಟ್ಟು ಕೆಲಸಕ್ಕೆ ಇಳಿಯುತ್ತಾಳೆ. ನಾನು ವೈರನ್ನು ಬಣ್ಣ ನೋಡಿ ಹಿಡಿಯುವವನು, ಅವಳು ಕಾರಣ ನೋಡಿ ಹಿಡಿಯುವವಳು. ಈ ವ್ಯತ್ಯಾಸ ನನಗೆ ಗೊತ್ತಿತ್ತು. ಗಿರಾಕಿಗಳಿಗೆ ಗೊತ್ತಿರಲಿಲ್ಲ, ಗೊತ್ತಾಗಲು ನಾನು ಬಿಡಲೂ ಇಲ್ಲ.

ಡಿಫರೆನ್ಷಿಯಲ್ ಎಂದರೇನೆಂದು ಹೇಳದೆ ಮುಂದೆ ಹೋದರೆ ನಿಮಗೆ ಅನ್ಯಾಯವಾದೀತು. ಕಣದಲ್ಲಿ ತೆನೆ ತುಳಿಸುವ ಎತ್ತುಗಳನ್ನು ನೋಡಿದ್ದೀರಲ್ಲ? ನಡುವಿನ ಮೇಟಿಕಂಬಕ್ಕೆ ಹತ್ತಿರದ ಎತ್ತು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಹೊರಗಿನ ಎತ್ತು ಹತ್ತು ಹೆಜ್ಜೆ ಇಟ್ಟಿರಬೇಕು; ಇಲ್ಲದಿದ್ದರೆ ಸುತ್ತು ಸಾಗದು. ಜೀಪು ತಿರುವಿನಲ್ಲಿ ತಿರುಗುವಾಗ ಎರಡು ಪಕ್ಕದ ಚಕ್ರಗಳದ್ದೂ ಅದೇ ಕಥೆ. ಒಂದು ನಿಧಾನ, ಇನ್ನೊಂದು ಬೇಗ. ಈ ಹೊಂದಾಣಿಕೆಯನ್ನು ಹಲ್ಲುಚಕ್ರಗಳ ಒಂದು ಗಡ್ಡೆ ಅಚ್ಚಿನ ನಡುವೆ ಕುಳಿತು ನಡೆಸುತ್ತದೆ. ಟಾರು ರಸ್ತೆಯಲ್ಲಿ ಅದರಷ್ಟು ಒಳ್ಳೆಯ ಯಜಮಾನ ಇಲ್ಲ. ಕೆಸರಿಗಿಳಿದರೆ ಮಾತ್ರ ಅದರ ಬುದ್ಧಿ ಕೆಡುತ್ತದೆ. ಒಂದು ಚಕ್ರ ಕೆಸರಿನಲ್ಲಿ ಹಿಡಿತ ಸಿಗದೆ ಗಿರ್ರನೆ ತಿರುಗತೊಡಗಿದರೆ ಎಂಜಿನಿನ ಓಟವೆಲ್ಲ ಆ ಚಕ್ರಕ್ಕೇ ಹರಿಯುತ್ತದೆ. ಗಟ್ಟಿ ನೆಲದ ಮೇಲೆ ಕಾಲೂರಿ, ‘ನನಗೆ ಕೊಡಿ, ನಾನು ಎಳೆಯುತ್ತೇನೆ’ ಎಂದು ನಿಂತ ಇನ್ನೊಂದು ಚಕ್ರ ಅಲುಗುವುದೇ ಇಲ್ಲ. ಸುಮ್ಮನೆ ಸದ್ದು ಮಾಡುವವರಿಗೆ ಎಲ್ಲವೂ ಸಲ್ಲುವ ಮನೆಗಳು ಇರುತ್ತವಲ್ಲ, ಹಾಗೆ. ಆಗ ಗುಂಡಿ ಒತ್ತಿದರೆ ಗಾಳಿ ನುಗ್ಗಿ ಒಂದು ಬೀಗ ಬಿದ್ದು ಎರಡು ಚಕ್ರಗಳೂ ಒಂದೇ ಆಗುತ್ತವೆ. ಸದ್ದು ಮಾಡುವವನು, ಕೆಲಸ ಮಾಡುವವಳು, ಇಬ್ಬರೂ ಒಟ್ಟಿಗೆ ತಿರುಗಲೇಬೇಕು.

ಗುರುಶಾಂತಪ್ಪನವರು ಶುಂಠಿ, ಆಲೂಗೆಡ್ಡೆ ಬೆಳೆಯುವವರು. ಐವತ್ತು ದಾಟಿದ ಮೇಲೆ ಅವರಿಗೆ ಹಳ್ಳದಿಣ್ಣೆಗಳಲ್ಲಿ ಜೀಪು ಓಡಿಸುವ ಹುಚ್ಚು ಹತ್ತಿತು. ಗಾಡಿಗೆ ಹೊಸದಾಗಿ ಗಿಳಿಹಸಿರು ಬಣ್ಣ ಹೊಡೆಸಿದ್ದರು. ಹತ್ತು ದಿನ ಬಿಟ್ಟು ಅವರ ಕಡೆಯ ಒಂದು ಒಣಗಿದ ಕೆರೆಯಂಗಳದಲ್ಲಿ ಜೀಪುಗಳ ಸ್ಪರ್ಧೆ.

ಭಾಗ್ಯ ಕಾಗದದ ಮೇಲೆ ನಕ್ಷೆ ಬರೆದುಕೊಂಡು ಕೆಲಸ ಶುರುಮಾಡಿದಳು. ಬ್ಯಾಟರಿಯಿಂದ ಫ್ಯೂಸು, ಫ್ಯೂಸಿನಿಂದ ರಿಲೇ, ರಿಲೇಯಿಂದ ಕಂಪ್ರೆಸರು; ಗಾಳಿ ತುಂಬಿದೊಡನೆ ತಾನಾಗಿ ನಿಲ್ಲಿಸುವ ಒತ್ತಡದ ಸ್ವಿಚ್ಚು; ಡ್ಯಾಶ್‌ಬೋರ್ಡಿನಲ್ಲಿ ಹಿಂದಿನ ಬೀಗಕ್ಕೊಂದು, ಮುಂದಿನ ಬೀಗಕ್ಕೊಂದು ಗುಂಡಿ. ಅವಳು ಡ್ಯಾಶ್‌ಬೋರ್ಡಿನ ಅಡಿಯಲ್ಲಿ ಅಂಗಾತ ಮಲಗಿದ್ದಾಗ ಹೊರಗೆ ಕಾಣುತ್ತಿದ್ದದ್ದು ಎರಡು ಪಾದ ಮಾತ್ರ. ನನ್ನ ಪಾಲಿಗೆ ಬಂದದ್ದು ಬಾನೆಟ್ಟಿನಡಿ ಕಂಪ್ರೆಸರನ್ನು ಬ್ರಾಕೆಟ್ಟಿಗೆ ಕೂರಿಸುವ ಕೆಲಸ.

“ಅಣ್ಣಾ, ಕಪ್ಪು ವೈರು ನಿನ್ ಕಡೆ ಬುಟ್ಟಿದೀನಿ. ಬ್ರಾಕೆಟ್ ಬೋಲ್ಟಿನ ಅಡೀಲಿ ಬಣ್ಣ ಚೆನ್ನಾಗಿ ಕೆರ್ದು, ಆಮೇಲೆ ಬಿಗಿ ಮಾಡು. ಬಣ್ಣದ ಮೇಲೇ ಕೂರಿಸ್ಬ್ಯಾಡ.”

ಕಪ್ಪು ವೈರೆಂದರೆ ಅರ್ಥ್‌ನ ವೈರು. ಬ್ಯಾಟರಿಯಿಂದ ಹೊರಟ ಕರೆಂಟು ಕೆಲಸ ಮುಗಿಸಿ ಗಾಡಿಯ ಮೈಯ ಮೂಲಕ ಮನೆಗೆ ಮರಳುವ ದಾರಿ ಅದು. ಆ ದಾರಿ ಇಲ್ಲದಿದ್ದರೆ ಕರೆಂಟು ಹೊರಡುವುದೇ ಇಲ್ಲ. ಬಣ್ಣ ಎಷ್ಟು ಅಂದವಾಗಿದ್ದರೂ ಅದರೊಳಗೆ ಕರೆಂಟು ಹರಿಯದು. ಲೋಹ ಲೋಹಕ್ಕೆ ಬರಿಮೈಯಲ್ಲಿ ತಾಗಬೇಕು. ಇದು ಚನ್ನರಾಯಪಟ್ಟಣದ ಷೆಡ್ಡಿನಲ್ಲಿ ನಾನು ಕಲಿತ ಮೊದಲ ಪಾಠವೂ ಹೌದು. ಆದರೆ ಅದೇ ಹೊತ್ತಿಗೆ ಗುರುಶಾಂತಪ್ಪನವರು ಹಿಂದಿನ ವರ್ಷ ಕೆಸರಿನಲ್ಲಿ ಯಾರದೋ ಚಪ್ಪಲಿ ಹೋಗಿ, ಚಪ್ಪಲಿ ಹುಡುಕಲು ಹೋದವನ ಪಂಚೆಯೂ ಹೋದ ಕಥೆ ಶುರುಮಾಡಿದ್ದರು. ಕಥೆ ಕೇಳುತ್ತ ನಾನು ವೈರಿನ ತುದಿಯನ್ನು ಬೋಲ್ಟಿಗೆ ಸಿಕ್ಕಿಸಿ, ನಟ್ಟನ್ನು ಬೆರಳಿನಲ್ಲಿ ಎರಡು ಸುತ್ತು ತಿರುಗಿಸಿ, ‘ಪಂಚೆ ಸಿಗಲಿ, ಆಮೇಲೆ ಸ್ಪ್ಯಾನರು’ ಎಂದುಕೊಂಡೆ.

ಆಗ ಒಳಗಿನಿಂದ ದನಿ ಬಂತು: “ಅಣ್ಣಾ, ಅರ್ತಾಯ್ತಾ?”

ಇಲ್ಲಿ ಸ್ವಲ್ಪ ನಿಲ್ಲಬೇಕು, ಸ್ನೇಹಿತರೇ. ನಮ್ಮ ಕಡೆಯ ನಾಲಗೆಗೆ ಮಹಾಪ್ರಾಣದ ಮೇಲೆ ಮೋಹವಿಲ್ಲ. ಗಾಡಿಯ ಅರ್ಥ್ ಕೂಡ ಅರ್ತೇ, ಪುಸ್ತಕದ ಅರ್ಥ ಕೂಡ ಅರ್ತವೇ. ಅವಳು ಕೇಳಿದ್ದು ಅರ್ಥ್ ಕೊಟ್ಟಾಯಿತೇ ಎಂದು. ನನಗೆ ಕೇಳಿಸಿದ್ದು, ನಾನು ಹೇಳಿದ್ದು ನಿನಗೆ ಅರ್ಥವಾಯಿತೇ ಎಂದು.

ಏಳನೆಯ ತರಗತಿಯಲ್ಲಿ ಲೆಕ್ಕದ ಮೇಷ್ಟರು ದಿನವೂ ನನ್ನೊಬ್ಬನನ್ನೇ ಎದ್ದು ನಿಲ್ಲಿಸಿ “ಅರ್ಥ ಆಯ್ತೇನಯ್ಯ?” ಎಂದು ಕೇಳುತ್ತಿದ್ದರು. ಇಲ್ಲ ಎಂದರೆ ಇಡೀ ತರಗತಿ ನಗುತ್ತಿತ್ತು. ಆಯ್ತು ಸಾ ಎಂದರೆ ಕೂರಬಹುದಿತ್ತು. ಅಲ್ಲಿಂದ ಇಲ್ಲಿಯವರೆಗೆ, ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ತಾಲ್ಲೂಕು ಕಚೇರಿಯಲ್ಲಿ, ಯಾರು ಏನು ವಿವರಿಸಿದರೂ ಆಯ್ತು ಎಂದು ಕೂತುಬಿಡುವುದೇ ನನ್ನ ವಿದ್ಯೆ. ಎಷ್ಟೋ ಔಷಧಿಯನ್ನು ಊಟಕ್ಕೆ ಮೊದಲೋ ಆಮೇಲೋ ತಿಳಿಯದೆ ಊಟದ ನಡುವೆ ನುಂಗಿದ್ದೇನೆ. ಅಂಥ ನನ್ನನ್ನು ಗಿರಾಕಿಯ ಮುಂದೆ ತಂಗಿ ‘ಅರ್ಥ ಆಯ್ತಾ’ ಎಂದು ಕೇಳುವುದೆಂದರೆ! ಮೈ ಉರಿದುಹೋಯಿತು.

“ಅರ್ತಾಯ್ತು ಕಣಮ್ಮಿ! ನಾನೇನು ದಡ್ಡನಾ?” ಎಂದು ಗುಡುಗಿದೆ.

“ದಡ್ಡ ಅಂತ ಯಾರಂದ್ರು? ಆಯ್ತಾ ಇಲ್ವಾ ಅಂದೆ ಅಷ್ಟೆ” ಎಂದಳು ಪಾದಗಳ ಒಡತಿ.

ಅವಳು ಗುಂಡಿ ಒತ್ತಿದಳು. ಬಣ್ಣ ಕೆರೆಯದಿದ್ದರೂ ವೈರು ಬೋಲ್ಟಿನ ಮೈಗೆ ಹೇಗೋ ತಾಗಿಕೊಂಡಿದ್ದಿರಬೇಕು; ಕಂಪ್ರೆಸರು ಗಡಗಡನೆ ಎದ್ದು, ಗಾಳಿ ತುಂಬಿದೊಡನೆ ತಾನಾಗಿ ನಿಂತಿತು. ಗುರುಶಾಂತಪ್ಪನವರು ಚಪ್ಪಾಳೆ ತಟ್ಟಿದರು. ಅವರು ತಟ್ಟಿದ್ದು ನನ್ನ ಬೆನ್ನನ್ನು. ಆ ಸಂಭ್ರಮದಲ್ಲಿ ಸ್ಪ್ಯಾನರು, ನಟ್ಟು, ಬಣ್ಣ ಎಲ್ಲವೂ ಮರೆತುಹೋದವು.

ಸ್ಪರ್ಧೆಯ ದಿನ ನಾವಿಬ್ಬರೂ ಹೋಗಿದ್ದೆವು. ಭಾಗ್ಯ ಬುತ್ತಿ ಕಟ್ಟಿಕೊಂಡು, ಹೊಸ ಸೀರೆ ಉಟ್ಟು ಬಂದಿದ್ದಳು; ತನ್ನ ಕೈಯ ಕೆಲಸ ನಾಲ್ಕು ಜನರ ಮುಂದೆ ಓಡುವುದನ್ನು ನೋಡಲು. ಗಿಳಿಹಸಿರು ಜೀಪು ಮೊದಲಿನ ಎರಡು ದಿಣ್ಣೆ ಏರಿಳಿದು, ಧಡಬಡ ಕುಲುಕಿ, ನಡುವಿನ ಕೆಸರುಗುಂಡಿಗೆ ಇಳಿಯಿತು. ಹಿಂದಿನ ಎಡಚಕ್ರ ಗಿರ್ರೆಂದಿತು. ಬಲಚಕ್ರ ಧ್ಯಾನಕ್ಕೆ ಕುಳಿತಿತು. ಗುರುಶಾಂತಪ್ಪನವರು ಗುಂಡಿ ಒತ್ತಿದರು, ಮತ್ತೆ ಒತ್ತಿದರು, ಗುದ್ದಿದರು. ಕಂಪ್ರೆಸರಿನ ಸದ್ದಿಲ್ಲ. ಕೊನೆಗೆ ಒಂದು ಟ್ರಾಕ್ಟರು ಬಂದು ಹಗ್ಗ ಕಟ್ಟಿ, ಸಂತೆಗೆ ಬರಲೊಲ್ಲದ ಎಮ್ಮೆಯನ್ನು ಎಳೆದಂತೆ ಜೀಪನ್ನು ಎಳೆಯಿತು. ಕೆರೆಯೇರಿಯ ಮೇಲಿನ ಜನ ನಕ್ಕ ನಗು ಹೊಳೆನರಸೀಪುರಕ್ಕೂ ಕೇಳಿಸಿರಬೇಕು.

ದಡ ಸೇರಿದೊಡನೆ ಬಾನೆಟ್ಟು ಎತ್ತಿದವನು ನಾನೇ. ನಟ್ಟು ಎಲ್ಲೋ ಉದುರಿಹೋಗಿ, ಕಪ್ಪು ವೈರು ಬೋಲ್ಟಿನಿಂದ ಜಾರಿ ಜೋತುಬಿದ್ದಿತ್ತು. ನಾನು ಕಂಡೆ. ಬೇರೆ ಯಾರೂ ಬಗ್ಗಿ ನೋಡುವ ಮೊದಲೇ ಜೇಬಿನಿಂದ ಒಂದು ನಟ್ಟು ತೆಗೆದು ಬಿಗಿಮಾಡಿಬಿಟ್ಟೆ. ಗುಂಡಿ ಒತ್ತಿದರೆ ಕಂಪ್ರೆಸರು ಏನೂ ಆಗಿಲ್ಲವೆಂಬಂತೆ ಗಡಗಡ ಎಂದಿತು.

“ಏನಾಗಿತ್ತಯ್ಯಾ ಇದಕ್ಕೆ?” ಎಂದರು ಗುರುಶಾಂತಪ್ಪನವರು, ಮೀಸೆಯಿಂದ ಕೆಸರು ಒರೆಸಿಕೊಳ್ಳುತ್ತ. ಸುತ್ತ ಮೂವತ್ತು ಜನ. ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು, ಏಳನೆಯ ತರಗತಿಯಂತೆ.

“ಗೊತ್ತಿಲ್ಲ ಸಾ. ವೈರಿಂಗೆಲ್ಲಾ ತಂಗೀದು” ಎಂದೆ.

ನೋಡಿ, ಅದರಲ್ಲಿ ಎರಡನೆಯ ಮಾತು ಸುಳ್ಳಲ್ಲ. ಅದಕ್ಕೇ ಅದು ಸುಳ್ಳಿಗಿಂತ ಕೆಟ್ಟದ್ದು. ಗುಂಪಿನಲ್ಲಿ ಯಾರೋ, “ಎಣ್ಮಕ್ಳ ಕೈಗೆ ಗಾಡಿ ಕೊಟ್ರೆ ಇನ್ನೇನಾದಾತು, ಮುಂದ್ಲಸಲಕ್ಕೆ ಒಗ್ಗರಣೆ ಆಕ್ಬುಟ್ಟು ಕಳಿಸ್ತಾರೆ” ಎಂದರು. ಮತ್ತೆ ನಗು. ಭಾಗ್ಯ ಬುತ್ತಿಯ ಗಂಟು ಹಿಡಿದು ನಿಂತಿದ್ದವಳು ಜೀಪನ್ನು ನೋಡಿದಳು, ನನ್ನನ್ನು ನೋಡಿದಳು. “ನಾನೇ ಎಲ್ಲೋ ತಪ್ಪಿರ್ಬೇಕು ಸಾ” ಎಂದಳು. ಬುತ್ತಿ ಬಿಚ್ಚಲಿಲ್ಲ.

ವೈರಿಂಗಿನವರಿಗೆ ಸುಟ್ಟುಹೋದ ವೈರಿನ ಭಯವಿಲ್ಲ. ಸುಟ್ಟದ್ದು ಕಣ್ಣಿಗೆ ಕಾಣುತ್ತದೆ. ಭಯವಿರುವುದು ಒಮ್ಮೆ ಕೆಟ್ಟು, ತಾನಾಗಿ ಸರಿಹೋಗುವ ದೋಷದ್ದು. ಅಂಥ ಒಂದು ದೋಷವನ್ನು ನಾನು ತಂಗಿಯ ತಲೆಯೊಳಗೆ ಇಟ್ಟುಬಿಟ್ಟಿದ್ದೆ. ಅವಳು ಆ ನಕ್ಷೆಯನ್ನು ಮಡಿಸಿ ಪರ್ಸಿನಲ್ಲಿಟ್ಟುಕೊಂಡಳು. ಬಿಡುವಾದಾಗಲೆಲ್ಲ ಬಿಚ್ಚಿ, ಗೆರೆಗಳ ಮೇಲೆ ಬೆರಳಾಡಿಸುತ್ತಿದ್ದಳು. ಒಂದು ಸ್ಕೂಟರಿನ ಹಾರ್ನು ಹಾಕಿದರೂ ಮೂರು ಸಲ ಪರೀಕ್ಷೆ. ಆಮೇಲೆ ನನ್ನನ್ನು, ಬೇರೆ ಯಾರನ್ನೂ ಅಲ್ಲ ನನ್ನನ್ನು, “ಅಣ್ಣಾ, ಒಂದ್ಸಲ ನೀನೂ ನೋಡ್ಬುಡು” ಎಂದು ಕರೆಯುವಳು. ನಾನು ಹೋಗಿ ಗಂಭೀರವಾಗಿ ನೋಡಿ ತಲೆಯಾಡಿಸಿ ಬರುತ್ತಿದ್ದೆ. ಕುರುಡನನ್ನು ಕನ್ನಡಕ ಆರಿಸಲು ಕರೆದಂತೆ.

ನನ್ನ ತಪ್ಪಿತಸ್ಥ ಮನಸ್ಸು ಬಾಯಿ ಬಿಡುವ ಬದಲು ಕೈ ಬಿಚ್ಚಿತು. ದಿನವೂ ಸಂಜೆ ಅವಳಿಗೆ ಬೋಂಡ, ಒಂದು ದಿನ ಮದ್ದೂರು ವಡೆ, ಇನ್ನೊಂದು ದಿನ ಮೈಸೂರು ಪಾಕು.

“ಯಾಕಣ್ಣಾ, ಸಕ್ರೆ ಕಾಯ್ಲೆ ಗಿಕ್ರೆ ಕಾಯ್ಲೆ ಬಂದೈತಾ ನಿಂಗೆ? ಸಿಹಿಯೆಲ್ಲಾ ನಂಗೇ ತಂದು ಸುರೀತೀಯಲ್ಲ” ಎಂದಳು.

“ಸುಮ್ಕೆ ತಿನ್ನು. ತಂಗೀಗೆ ಕೊಡ್ಬಾರ್ದಾ?”

“ಕೊಡ್ಬೋದು. ಆದ್ರೆ ಮೂವತ್ತು ವರ್ಸ ಕೊಡ್ದೇ ಇದ್ದೋನು ಈಗ ಕೊಟ್ರೆ ಯಾರ್ಗಾದ್ರೂ ಬಯ ಆಗ್ತದೆ.”

ಹೇಳಿಬಿಡಬೇಕೆಂದು ಎಷ್ಟೋ ಸಲ ಬಾಯಿ ತೆರೆದೆ. ತೆರೆದ ಬಾಯಿಗೆ ಅವಳು ಅರ್ಧ ಬೋಂಡ ಹಾಕಿದಳು. ಆ ದಿನಗಳಲ್ಲಿ ನನಗೆ ಒಂದು ವಿಷಯ ಹೊಳೆಯಿತು. ಒಂದು ಮಾತು ನಮ್ಮಿಂದ ಹೊರಟು ಇನ್ನೊಬ್ಬರಲ್ಲಿ ಕೆಲಸ ಮಾಡಿದ ಮೇಲೆ, ಅದಕ್ಕೆ ನಮ್ಮ ಕಡೆಗೆ ಮರಳಿ ಬರುವ ದಾರಿಯೊಂದು ಇರಬೇಕು. ನಾನು ಹೊಡೆದುಕೊಂಡಿದ್ದ ಅಣ್ಣನೆಂಬ ಬಣ್ಣ, ಯಜಮಾನನೆಂಬ ಬಣ್ಣ, ಎಲ್ಲ ತಿಳಿದವನೆಂಬ ಬಣ್ಣ, ಒಂದರ ಮೇಲೊಂದು ಮೂರು ಕೋಟು. ತಂಗಿಯ ಯಾವ ಮಾತೂ ಅದನ್ನು ದಾಟಿ ನನ್ನ ಲೋಹಕ್ಕೆ ತಾಗುತ್ತಿರಲಿಲ್ಲ. ಅವಳು ಕೇಳಿದ್ದನ್ನು ನಾನು ಕೇಳಿಸಿಕೊಂಡಿದ್ದರೆ ಸಾಕಿತ್ತು. ಎರಡು ಅರ್ಥಗಳ ನಡುವೆ ನಾವಿಬ್ಬರೂ ಬೀಳುತ್ತಿರಲಿಲ್ಲ.

ನಾಲ್ಕು ತಿಂಗಳ ಮೇಲೆ ಗುರುಶಾಂತಪ್ಪನವರು ಜೀಪು ತಂದರು. ಮತ್ತೊಂದು ಸ್ಪರ್ಧೆ ಬರುತ್ತಿದೆ, ಈ ಕಂಪ್ರೆಸರನ್ನು ನಂಬಬಹುದೇ, ಹಾಸನದಿಂದ ಯಾರನ್ನಾದರೂ ಕರೆಸಿ ವೈರಿಂಗೆಲ್ಲ ಕಿತ್ತು ಹೊಸದಾಗಿ ಮಾಡಿಸಲೇ ಎಂದು ಸಂಕೋಚದಿಂದಲೇ ಕೇಳಿದರು.

ನಾನು ಉತ್ತರಿಸುವ ಮೊದಲೇ ಭಾಗ್ಯ ಹೇಳಿದಳು: “ಆಂಗೇ ಮಾಡಿ ಸಾ. ನಾನೂ ಮುಂದಿನ್ ತಿಂಗ್ಳಿಂದ ಹಾಸನದ ಗಾರ್ಮೆಂಟ್ಸಿಗೆ ಓಗ್ತೀನಿ. ಮಾತಾಡ್ಕಂಡು ಬಂದಿದೀನಿ. ಒಲಿಗೆ ತಪ್ಪಿದ್ರೆ ಬಿಚ್ಬುಟ್ಟು ಒಲೀಬೋದು. ವೈರು ತಪ್ಪಿದ್ರೆ ಯಾರ್ದೋ ಗಾಡಿ ಬೆಂದೋಯ್ತದೆ.”

ನನಗೆ ಇದು ಗೊತ್ತೇ ಇರಲಿಲ್ಲ. ಅವಳು ಬಹಳ ಸಮಾಧಾನದಿಂದ ಹೇಳಿದಳು. ಅಷ್ಟು ಸಮಾಧಾನ ಬರಬೇಕಾದರೆ ಒಳಗೆ ಎಷ್ಟು ಸಲ ಹೇಳಿಕೊಂಡಿರಬೇಕು. ಖಾಕಿ ಅಂಗಿಯ ತೋಳಿನಲ್ಲಿ ಕೈ ಒರೆಸಿಕೊಳ್ಳುತ್ತಿದ್ದಳು. ಆ ಕೈ ನೋಡುತ್ತ ನನ್ನ ಬಾಯಿ ತಾನಾಗಿ ಮಾತಾಡಿತು.

“ವೈರಿಂಗು ಸರಿಯಾಗೇ ಇತ್ತು ಸಾ. ಅರ್ತಿನ ವೈರು ಬಿಗಿ ಮಾಡ್ದೇ ಬುಟ್ಟೋನು ನಾನು. ಅವತ್ತು ಕೆರೇಲಿ ಅದು ಕಿತ್ಕಂಡಿದ್ದು ನೋಡಿ, ಕದ್ದು ಬಿಗಿ ಮಾಡ್ದೋನೂ ನಾನೇ.”

ಭಾಗ್ಯ ಕೇಳಿದಳು: “ಅರ್ತಾಯ್ತಾ ಅಂತ ಕೇಳಿದ್ನಲ್ಲಣ್ಣ. ಆಯ್ತು ಅಂದ್ಯಲ್ಲ?”

“ಅರ್ತ ಆಯ್ತಾ ಅಂತ ಕೇಳಿದ್ದು ಅಂದ್ಕಂಡೆ ಕಣಮ್ಮಿ.”

“ಅದೇ ಕೇಳಿದ್ದು!”

“ಆ ಅರ್ತ ಅಲ್ಲ. ಈ ಅರ್ತ” ಎಂದು ನಾನು ಹಣೆ ತಟ್ಟಿಕೊಂಡು ತೋರಿಸಿದೆ.

ಗುರುಶಾಂತಪ್ಪನವರಿಗೆ ಮೊದಲು ಹೊಳೆಯಿತು. ಅವರು ನಕ್ಕರು, ಕೆಮ್ಮಿದರು, ಜೀಪಿನ ಬಾಗಿಲು ಹಿಡಿದು ಕುಸಿದರು. “ಅಯ್ಯೋ ಶಿವನೇ! ಒಂದು ಅರ್ತಕ್ಕೋಸ್ಕರ ನನ್ನ ಮೀಸೆ ಕೆಸ್ರಾಯ್ತಲ್ಲಪ್ಪಾ!”

ಭಾಗ್ಯ ನಗಲಿಲ್ಲ. ಪರ್ಸಿನಿಂದ ನಕ್ಷೆ ತೆಗೆದಳು. ಮಡಿಕೆಗಳಲ್ಲಿ ಹರಿದು ನಾಲ್ಕು ತುಂಡಾಗಿತ್ತು. “ನನ್ನ ಬೈದಿದ್ರೆ ತಡ್ಕಂತಿದ್ದೆ. ಜನ ನಕ್ಕಿದ್ನೂ ಮರ್ತಿದ್ದೆ. ಆದ್ರೆ ನಾಕ್ ತಿಂಗ್ಳು ನನ್ ಕೈನ ನಾನೇ ನಂಬ್ನಿಲ್ವಲ್ಲಣ್ಣಾ” ಎಂದಳು.

ಅದಕ್ಕೆ ಯಾವ ಬೋಂಡವೂ ಸಾಲದು. ಅವಳು ಒಳಗೆ ಹೋಗಿ ಉಪ್ಪುಕಾಗದದ ತುಂಡೊಂದನ್ನು ತಂದು ನನ್ನ ಅಂಗೈಯಲ್ಲಿಟ್ಟಳು.

“ಬಾನೆಟ್ ಎತ್ತು. ಕೆರಿ.”

ಕೆರೆದೆ. ಗಿಳಿಹಸಿರು ಉದುರಿತು, ಅದರಡಿಯ ಕೆಂಪು ಪ್ರೈಮರು ಉದುರಿತು. “ಇನ್ನೂವೆ” ಎಂದಳು. ಬೆಳ್ಳಗೆ ಲೋಹ ಹೊಳೆಯಿತು. “ಇನ್ನೂವೆ.”

“ಸಾಕು ಬುಡವ್ವಾ, ಗಾಡಿ ತೂತಾದಾತು” ಎಂದು ಗುರುಶಾಂತಪ್ಪನವರು ಕೈಮುಗಿದರು. ಆಗ ಅವಳ ತುಟಿಯ ಒಂದು ತುದಿ ಮಾತ್ರ ಸಡಿಲವಾದಂತೆ ಕಂಡಿತು. ನನ್ನ ಭ್ರಮೆಯೂ ಇರಬಹುದು. ವೈರನ್ನು ಅವಳೇ ಬಿಗಿಮಾಡಿ, ಜಗ್ಗಿ ನೋಡಿ, ಹೇಳಿದಳು: “ಇಲ್ಲಿ ಯೋಳಿದ್ದು ಸಾಲ್ದು. ಅಲ್ಲೇ ಯೋಳ್ಬೇಕು. ಅಷ್ಟೂ ಜನದ ಮುಂದೆ. ಆಮೇಲೆ ಗಾರ್ಮೆಂಟ್ಸಿನ ಮಾತು.”

ಹಾಗಾಗಿ ಮುಂದಿನ ಸ್ಪರ್ಧೆಯ ದಿನ ಅದೇ ಕೆರೆಯೇರಿಯ ಮೇಲೆ ನಿಂತು, ಹೆಚ್ಚುಕಡಿಮೆ ಅದೇ ಜನರೆದುರು, ಎಲ್ಲವನ್ನೂ ಹೇಳಿದೆ. ಒಗ್ಗರಣೆಯ ಮಾತಾಡಿದ್ದ ಆಸಾಮಿಯೂ ಇದ್ದ. ಅವರು ನಕ್ಕರು, ಹೋದಸಲಕ್ಕಿಂತ ಜೋರಾಗಿಯೇ. ಒಂದು ಆಶ್ಚರ್ಯ ಹೇಳುತ್ತೇನೆ: ನಗುವನ್ನು ತಪ್ಪಿಸಿಕೊಳ್ಳಲು ನಲವತ್ತು ವರ್ಷ ‘ಆಯ್ತು ಆಯ್ತು’ ಎಂದು ಬದುಕಿದ ನನಗೆ, ಅದು ಮೈಮೇಲೆ ಬಿದ್ದಾಗ ಏನೂ ಆಗಲಿಲ್ಲ. ಒಗ್ಗರಣೆಯವನಂತೂ ಬಂದು ಹೆಗಲ ಮೇಲೆ ಕೈಹಾಕಿ, “ನಮ್ಮನೇಲೂ ಇದೇ ಕಣಣ್ಣೋ, ಅವ್ಳು ಒಂದಂದ್ರೆ ನಂಗೊಂದು ಕೇಳ್ತದೆ” ಎಂದ.

ಗುರುಶಾಂತಪ್ಪನವರ ಪಕ್ಕದ ಸೀಟಿನಲ್ಲಿ ಭಾಗ್ಯ ಕುಳಿತಿದ್ದಳು, ಬೆಲ್ಟು ಬಿಗಿದುಕೊಂಡು, ಬೆರಳು ಗುಂಡಿಯ ಮೇಲೆ. ಜೀಪು ದಿಣ್ಣೆಗಳನ್ನು ದಾಟಿ ಅದೇ ಕೆಸರುಗುಂಡಿಗಿಳಿಯಿತು. ಎಡಚಕ್ರ ಗಿರ್ರೆಂದಿತು. ಬಲಚಕ್ರ ನಿಂತಿತು. ನಾನು ಏರಿಯಿಂದ ಕೆಳಗೆ ಗುಂಡಿಯ ಅಂಚಿನವರೆಗೆ ಓಡಿಹೋಗಿದ್ದೆ. ಎಂಜಿನಿನ ಅಬ್ಬರದಲ್ಲಿ ಭಾಗ್ಯ ಗುಂಡಿ ಒತ್ತಿ, ನನ್ನ ಕಡೆ ತಿರುಗಿ, ಕೈಯಾಡಿಸುತ್ತ ಏನೋ ಕೂಗಿದಳು.

ನನಗೆ ಕೇಳಿಸಲಿಲ್ಲ. ಹಳೆಯ ನಾಲಗೆ ‘ಆಯ್ತು’ ಎನ್ನಲು ತಯಾರಾಗಿ ಬಾಯಿಗೆ ಬಂದೇಬಿಟ್ಟಿತ್ತು. ಅದನ್ನು ನುಂಗಿದೆ. ಏರಿಯ ಮೇಲಿನವರಿಗೆಲ್ಲ ಕೇಳುವಂತೆ ಕಿರುಚಿದೆ: “ಅರ್ತಾಗ್ನಿಲ್ಲ ಕಣಮ್ಮೀ! ಇನ್ನೊಂದ್ಸಲ ಯೋಳು!”

ಅವಳು ನಕ್ಕಳು. ನಾಲ್ಕು ತಿಂಗಳಲ್ಲಿ ಮೊದಲ ಸಲ, ಹಲ್ಲೆಲ್ಲ ಕಾಣುವಂತೆ. ಬಾಯಿಗೆ ಎರಡೂ ಕೈ ಅಡ್ಡ ಹಿಡಿದು ಒಂದೊಂದೇ ಪದವನ್ನು ಬಿಡಿಸಿ ಕೂಗಿದಳು: “ಇಂದಕ್ ಸರ್ಕೋ ಅಂದೆ! ಕೆಸ್ರು ಎಗರ್ತದೆ!”

ಅಷ್ಟರಲ್ಲಿ ಬೀಗ ಬಿದ್ದಿತ್ತು. ಎರಡು ಚಕ್ರಗಳೂ ಒಟ್ಟಿಗೆ ಕಚ್ಚಿ, ಜೀಪು ಗುಂಡಿಯಿಂದ ಎದ್ದು, ನನ್ನನ್ನು ತಲೆಯಿಂದ ಕಾಲಿನವರೆಗೆ ಕೆಸರಿನಲ್ಲಿ ಮೀಯಿಸಿ ದಡ ಹತ್ತಿತು.